ಶುಶ್ರೂಷಾ ವಿದ್ಯೆಯೂ ಹೊಲದ ಒತ್ತೆಯೂ

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಕಡೆಯ ಗೃಹಸ್ಥರೊಬ್ಬರು ಮಗಳನ್ನು ದಾದಿಯ ವಿದ್ಯೆಗೆ ಸೇರಿಸುವ ವಿಷಯದಲ್ಲಿ ಮೊನ್ನೆ ನಮ್ಮ ಅಭಿಪ್ರಾಯವನ್ನು ಕೇಳಿದರು. ಖಾಸಗಿ ಕಾಲೇಜೊಂದರ ಮಧ್ಯವರ್ತಿಯು ಬಣ್ಣದ ಚಿತ್ರಗಳುಳ್ಳ ಪುಸ್ತಿಕೆಯನ್ನು ಅವರ ಕೈಗಿತ್ತು ಹೋಗಿದ್ದನು. ಹೊಲವನ್ನು ಒತ್ತೆಯಿಡಲು ಅವರು ಸಿದ್ಧರಾಗಿಯೇ ಬಂದಿದ್ದರು.

ಇಂತಹ ಪಿತೃವಾತ್ಸಲ್ಯವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಹೆಚ್ಚು ಹಣ ತೆತ್ತಲ್ಲಿ ಹೆಚ್ಚು ವಿದ್ಯೆಯೆಂಬುದು ಭ್ರಾಂತಿಯೆಂದು ಹೇಳದಿರಲಾರೆವು. 4 ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ವ್ಯಾಸಂಗದಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜು ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಪರೀಕ್ಷೆಯೂ ಪದವಿಯೂ ಒಂದೇ. ಮುಂದೆ ಹೆಸರು ದಾಖಲಾಗುವುದೂ ರಾಜ್ಯ ಶುಶ್ರೂಷಾ ಪರಿಷತ್ತಿನ ಒಂದೇ ಪಟ್ಟಿಯಲ್ಲಿ.

ವ್ಯತ್ಯಾಸವಿರುವುದು ರೋಗಿಯ ಹಾಸಿಗೆಯ ಬಳಿ. ಸೂಜಿ ಚುಚ್ಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹೆರಿಗೆಯ ನೋವಿನಲ್ಲಿರುವವಳಿಗೆ ಧೈರ್ಯ ತುಂಬುವುದು, ಇವು ಕರಿಹಲಗೆಯಿಂದ ಬರುವ ವಿದ್ಯೆಗಳಲ್ಲ. ಶುಶ್ರೂಷಾ ಕಾಲೇಜಿಗೆ 100 ಹಾಸಿಗೆಗಳ ಆಸ್ಪತ್ರೆಯಿರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ವಿಧಿಸಿರುವುದು ಸುಮ್ಮನೆ ಅಲ್ಲ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಂತಹ ದೊಡ್ಡ ಸರ್ಕಾರೀ ಆಸ್ಪತ್ರೆಗೆ ಬಡಬಗ್ಗರು ಹಗಲಿರುಳೂ ಬರುತ್ತಿರುವರು. ಅಲ್ಲಿ ಕಲಿಯುವ ಕೈಗೆ ಬಿಡುವಿರದು. ಹಾಸಿಗೆಗಳಿದ್ದೂ ರೋಗಿಗಳಿಲ್ಲದ ಕಡೆ ಕಲಿತವಳು ಬೊಂಬೆಗೆ ಪಟ್ಟಿ ಕಟ್ಟಿಯೇ ಹೊರಬಂದಾಳು.

ಸರ್ಕಾರೀ ಸ್ಥಾನಗಳು ಮಿತವಾದುವು, ನಿಜ. ರೋಗಿಗಳಿಂದ ತುಂಬಿದ ಆಸ್ಪತ್ರೆಯುಳ್ಳ ಖಾಸಗಿ ಸಂಸ್ಥೆಗಳೂ ಇವೆ. ಹುಡುಗಿಯು ಮೊದಲು ಪ್ರವೇಶ ಪರೀಕ್ಷೆಯನ್ನು ಬರೆಯಲಿ. ಅಲ್ಲಿ ಸ್ಥಾನ ದೊರೆಯದಿದ್ದರೆ, ತಂದೆಯು ಪುಸ್ತಿಕೆಯನ್ನು ಮನೆಯಲ್ಲಿಟ್ಟು, ಆ ಕಾಲೇಜಿನ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಮಧ್ಯಾಹ್ನ ನಿಂತು ರೋಗಿಗಳನ್ನು ಎಣಿಸಿ ಬರಲಿ. ಒತ್ತೆಪತ್ರಕ್ಕೆ ರುಜು ಹಾಕುವುದು ಆಮೇಲಿನ ಮಾತು.