ಚದರಕ್ಕೆ ಎಷ್ಟು? ಮನೆ ಅಂದಾಜಿನ ನಂಬಿಕೆ ಮತ್ತು ಲೆಕ್ಕ

ಮನೆ ಕಟ್ಟಿಸಲು ಹೊರಟವರು ಗುತ್ತಿಗೆದಾರರಿಗೆ ಕೇಳುವ ಮೊದಲ ಪ್ರಶ್ನೆ: ‘ಚದರಕ್ಕೆ ಎಷ್ಟು ತಗೋತೀರಿ?’ ಚದರ ಎಂದರೆ ನೂರು ಚದರಡಿ. ಹತ್ತು ಚದರದ ಮನೆಯಾದರೆ ಆತ ಹೇಳಿದ ದರವನ್ನು ಹತ್ತರಿಂದ ಗುಣಿಸಿ, ಬಂದ ಮೊತ್ತ ಹಿಡಿದುಕೊಂಡು ಬ್ಯಾಂಕಿಗೆ ಸಾಲ ಕೇಳಲು ಹೋಗುತ್ತಾರೆ. ಗೃಹಪ್ರವೇಶದ ಹೊತ್ತಿಗೆ ಆ ಮೊತ್ತ ಯಾರ ನೆನಪಿನಲ್ಲೂ ಇರುವುದಿಲ್ಲ.

ಚದರದ ದರದಿಂದ ಖರ್ಚು ತಿಳಿಯುತ್ತದೆ ಎಂಬುದೇ ಎಲ್ಲಕ್ಕಿಂತ ದುಬಾರಿ ನಂಬಿಕೆ. ತಲಾ 1,000 ಚದರಡಿಯ ಎರಡು ಮನೆಗಳನ್ನು ತೆಗೆದುಕೊಳ್ಳಿ. ಒಂದು 25 ಅಡಿ ಅಗಲ, 40 ಅಡಿ ಉದ್ದ. ಸುತ್ತಳತೆ 130 ಅಡಿ. ಇನ್ನೊಂದು ಕಿರಿದಾದ ಸೈಟಿನಲ್ಲಿ 16 ಅಡಿ ಅಗಲ, ಅರವತ್ತೆರಡೂವರೆ ಅಡಿ ಉದ್ದ; ಸುತ್ತಳತೆ 157 ಅಡಿ. ವಿಸ್ತೀರ್ಣ ಒಂದೇ, ಆದರೆ ಎರಡನೆಯವರು 27 ಅಡಿ ಹೆಚ್ಚು ಪಾಯ ತೋಡಿಸಬೇಕು. ಹತ್ತಡಿ ಎತ್ತರಕ್ಕೆ 270 ಚದರಡಿ ಹೆಚ್ಚುವರಿ ಗೋಡೆ, ಒಳಹೊರಗೆ ಸೇರಿ 540 ಚದರಡಿ ಗಾರೆ ಮತ್ತು ಬಣ್ಣ. ಚದರದ ದರಕ್ಕೆ ಇದಾವುದೂ ಕಾಣುವುದಿಲ್ಲ.

‘ಒಂದು ಚದರ ಕಡಿಮೆ ಮಾಡಿದರೆ ಒಂದು ಚದರದ ದುಡ್ಡು ಉಳಿಯುತ್ತದೆ’ ಎನ್ನುವುದು ಇದರದೇ ಮರಿ. ಹಾಲ್‌ನಿಂದ ನೂರು ಚದರಡಿ ಕಿತ್ತರೆ ಒಂದಿಷ್ಟು ಛಾವಣಿ, ನೆಲಹಾಸು, ತುಸು ಗೋಡೆ ಉಳಿಯುತ್ತವೆ. ಅಡುಗೆಮನೆ, ಬಚ್ಚಲು, ಸಂಪು, ಬೋರ್‌ವೆಲ್, ಕರೆಂಟ್ ಮೀಟರ್, ಮುಂಬಾಗಿಲು ಇದ್ದಂತೆಯೇ ಇರುತ್ತವೆ. ಮನೆಯಲ್ಲಿ ಅಡಿ ಲೆಕ್ಕಕ್ಕೆ ಹೆಚ್ಚು ದುಡ್ಡು ನುಂಗುವುದು ಅವೇ. ಇನ್ನು ಕಾಂಪೌಂಡು, ಗೇಟು, ಮೆಟ್ಟಿಲ ಮೇಲಿನ ಹೆಡ್‌ರೂಮು ದರದೊಳಗೆ ಸೇರಿವೆಯೇ ಎಂದು ಮೊದಲೇ ಕೇಳದಿದ್ದರೆ ಆಮೇಲೆ ‘ಎಕ್ಸ್‌ಟ್ರಾ’ ಪಟ್ಟಿಯಲ್ಲಿ ಬರುತ್ತವೆ.

ನೆಲದ ಗುಣವೂ ಚದರಕ್ಕೆ ಗೊತ್ತಿಲ್ಲ. ಗದಗ, ವಿಜಯಪುರದ ಕಡೆಯ ಎರೆಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ. ಅಲ್ಲಿ ಪಾಯದ ಖರ್ಚೇ ಬೇರೆ. ಕರಾವಳಿಯಲ್ಲಿ ಕೆಂಪುಕಲ್ಲಿನ ಗೋಡೆಯೇ ಭಾರ ಹೊರುವಂತೆ ಕಟ್ಟಿದ ಮನೆಗೆ ಕಬ್ಬಿಣ ಕಡಿಮೆ ಸಾಕು. ‘ಚದರಡಿಗೆ 4 ಕೆಜಿ ಕಬ್ಬಿಣ’ ಎಂಬ ವಾಟ್ಸಾಪ್ ಸೂತ್ರ ಪಿಲ್ಲರ್ ಮನೆಗೆ ಒಂದು ಊಹೆಯಾದೀತು, ಕೆಂಪುಕಲ್ಲಿನ ಮನೆಗೆ ಅದೂ ಅಲ್ಲ.

ಎರಡನೆಯ ನಂಬಿಕೆ ಮೇಸ್ತ್ರಿಗಳ ಮಾನಕ್ಕೇ ಸಂಬಂಧಿಸಿದ್ದು: ಲೆಕ್ಕಕ್ಕಿಂತ ಹೆಚ್ಚು ಸಿಮೆಂಟ್ ಹೋಯಿತೆಂದರೆ ಮೂಟೆ ಕಳುವಾಗಿದೆ. ಹಾಗೆನ್ನುವ ಮೊದಲು ಲೆಕ್ಕ ಮಾಡಿದ್ದೀರಾ? 1,000 ಚದರಡಿಯ ಮೋಲ್ಡ್, ದಪ್ಪ 5 ಇಂಚು ಎನ್ನಿ. ಅಂದರೆ ಸುಮಾರು 417 ಘನ ಅಡಿ, 11.8 ಘನ ಮೀಟರ್. ಎಂ-20 ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಬೆರೆಸಿದರೆ ಘನ ಮೀಟರಿಗೆ ಸುಮಾರು 8 ಮೂಟೆ ಬೇಕು. ಒಟ್ಟು 95ರ ಆಸುಪಾಸು. ಬೀಮುಗಳದು ಬೇರೆ. ಮೋಲ್ಡ್ ದಪ್ಪ ಒಂದೇ ಇಂಚು ಹೆಚ್ಚಾದರೆ 19 ಮೂಟೆ ಏರುತ್ತದೆ. ಹಾಗಾಗಿ ಮೊದಲು ಟೇಪು ಹಿಡಿಯಿರಿ, ಆಮೇಲೆ ಅನುಮಾನ ಪಡಿ.

ಮರಳಿನಲ್ಲೂ ಒಂದು ಮೋಸವಿದೆ, ಅದು ಯಾರೂ ಮಾಡಿದ್ದಲ್ಲ. ಸ್ವಲ್ಪ ತೇವವಿರುವ ಮರಳಿನ ಕಣಗಳ ಸುತ್ತ ನೀರಿನ ಪೊರೆ ಕೂತು ಅವು ದೂರ ಸರಿಯುತ್ತವೆ. ಗಾತ್ರ ನೂರಕ್ಕೆ 20–30ರಷ್ಟು ಉಬ್ಬಬಹುದು. ಅಡಿ ಲೆಕ್ಕದಲ್ಲಿ ಕೊಂಡರೆ ಲಾರಿ ತುಂಬಿ ಕಾಣುತ್ತದೆ, ಮರಳು ಮಾತ್ರ ಕಡಿಮೆ. ಬಾಂಡ್ಲಿಯಲ್ಲಿ ಅಳೆದು ಹಾಕಿದರೂ ಅಷ್ಟೇ: ಮಿಶ್ರಣಕ್ಕೆ ಮರಳು ಕಡಿಮೆ ಬಿದ್ದು ಪ್ರತಿ ಮೂಟೆಯಿಂದ ಸಿಗುವ ಕಾಂಕ್ರೀಟ್ ಇಳಿಯುತ್ತದೆ, ಮೂಟೆಗಳ ಸಂಖ್ಯೆ ಏರುತ್ತದೆ. ಕಳ್ಳ ಅಂತ ಬೈಸಿಕೊಂಡವನು ಮೇಸ್ತ್ರಿ, ತಪ್ಪು ತೇವದ್ದು.

ಕಬ್ಬಿಣದ ಲೆಕ್ಕ ಸುಲಭ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಎಂಎಂ ಸರಳು ಮೀಟರಿಗೆ 0.89 ಕೆಜಿ.

ಗಾರೆ ಅಳತೆಯ ಜಗಳಕ್ಕೂ ಉತ್ತರವಿದೆ. ‘ಕಿಟಕಿ ಇರುವ ಜಾಗಕ್ಕೂ ದುಡ್ಡು ಹಾಕಿದ್ದಾನೆ’ ಎಂದು ಮನೆಯವರು ಸಿಡುಕುತ್ತಾರೆ. ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರಿನವರೆಗಿನ ತೆರವಿಗೆ ಕಡಿತವೇ ಇಲ್ಲ. ಅದಕ್ಕಿಂತ ಹೆಚ್ಚು, 3 ಚದರ ಮೀಟರಿನವರೆಗೆ ಇದ್ದರೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಇನ್ನೊಂದು ಮುಖದ ಅಳತೆ ಅಂಚು, ಮೂಲೆಗಳನ್ನು ತಿದ್ದುವ ಕೆಲಸಕ್ಕೆ ಸಲ್ಲುತ್ತದೆ. ನಾಲ್ಕಡಿ ಚೌಕದ ಕಿಟಕಿ, 3×7 ಅಡಿಯ ಬಾಗಿಲು ಎರಡೂ ಈ ಮಿತಿಯೊಳಗೇ ಬರುತ್ತವೆ. ಅಂಚು ತೆಗೆಯುವುದು ಬಯಲು ಗೋಡೆಗೆ ಗಾರೆ ಬಳಿಯುವುದಕ್ಕಿಂತ ನಿಧಾನದ ಕೆಲಸ. ನಿಯಮ ನ್ಯಾಯವಾಗಿಯೇ ಇದೆ.

‘ಲೇಬರ್ ಕಾಂಟ್ರಾಕ್ಟ್ ಕೊಟ್ಟು ಸಾಮಾನು ನಾವೇ ತಂದರೆ ಗುತ್ತಿಗೆದಾರನ ಲಾಭವೆಲ್ಲ ನಮ್ಮದು’ ಎನ್ನುವುದರಲ್ಲಿ ಅರ್ಧ ಸತ್ಯವಿದೆ. ಒಂಟಿ ಮನೆಯ ಕೇವಲ ಕೂಲಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸಮೇತ ಗುತ್ತಿಗೆಯಾದರೆ ನೋಂದಾಯಿತ ಗುತ್ತಿಗೆದಾರ ತೆರಿಗೆ ಸೇರಿಸುತ್ತಾನೆ. ಆದರೆ ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಸೇರಿಸುವ ಶೇ. 15 ಬರೀ ಲಾಭವಲ್ಲ, ಮೇಲ್ಖರ್ಚೂ ಅದರಲ್ಲೇ ಇದೆ. ಆ ಖರ್ಚು ಎಲ್ಲಿಗೂ ಹೋಗುವುದಿಲ್ಲ. ಲಾರಿ ಕಾಯುವುದು, ಇಳಿಸುವ ಕೂಲಿ, ಒಡೆದ ಬ್ಲಾಕು, ಮಳೆಗೆ ಗಟ್ಟಿಯಾದ ಮೂಟೆ ಇವೆಲ್ಲ ನಿಮ್ಮ ಹೆಗಲಿಗೆ. ಬಿಡುವಿದ್ದವರಿಗೆ ಸರಿ, ದಿನವೂ ಆಫೀಸಿಗೆ ಹೋಗುವವರಿಗೆ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೊನೆಯದು, ಮೂರು ಕೊಟೇಶನ್ ತರಿಸಿ ಕಡಿಮೆಯದನ್ನು ಆರಿಸಿದರೆ ಗೆದ್ದಂತೆ ಎಂಬ ಭರವಸೆ. ಒಬ್ಬ ಸಂಪು ಸೇರಿಸಿರುತ್ತಾನೆ, ಒಬ್ಬ ಬಿಟ್ಟಿರುತ್ತಾನೆ, ಮತ್ತೊಬ್ಬ ಬಾಗಿಲಿಗೆ ತೇಗದ ಬದಲು ಅಗ್ಗದ ಮರ ಹಿಡಿದಿರುತ್ತಾನೆ. ಮೂವರೂ ಬೇರೆ ಬೇರೆ ಮನೆಗೆ ದರ ಹೇಳಿರುವಾಗ ಹೋಲಿಸುವುದು ಏನನ್ನು? ಪಾಯ, ಮೋಲ್ಡಿಗೆ ಹೆಚ್ಚು ದರ, ಬಣ್ಣ, ಟೈಲ್ಸಿಗೆ ತೀರಾ ಕಡಿಮೆ ದರ ಹಾಕಿದ ಕೊಟೇಶನ್ನಿನ ಬಗ್ಗೆ ಇನ್ನೂ ಎಚ್ಚರ ಬೇಕು: ಮೋಲ್ಡ್ ಬೀಳುವಷ್ಟರಲ್ಲಿ ಆತ ಲಾಭ ಎತ್ತಿಕೊಂಡಿರುತ್ತಾನೆ, ಉಳಿದ ಕೆಲಸ ಮುಗಿಸುವ ಆತುರ ಅವನಿಗಿರುವುದಿಲ್ಲ.

ಒಬ್ಬ ಸಿವಿಲ್ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ನಕ್ಷೆಯಿಂದ ಕೆಲಸವಾರು ಅಳತೆಯ ಪಟ್ಟಿ ಮಾಡಿಸಿ. ಅದೇ ಪಟ್ಟಿಯನ್ನು ಮೂವರಿಗೂ ಕೊಟ್ಟು ದರ ತುಂಬಿಸಿ, ಹೆಚ್ಚುವರಿ ಕೆಲಸದ ದರವನ್ನೂ ಅದರಲ್ಲೇ ಬರೆಸಿಕೊಳ್ಳಿ. ಪಟ್ಟಿ ಭರ್ತಿ ಮಾಡಲು ಒಲ್ಲೆ ಎನ್ನುವವರಿಗೆ ಮುಂಗಡ ಕೊಡಬೇಡಿ.