ಪ್ರಾಚೀನ ಕಥೆ, ಆಧುನಿಕ ನಾಟಕ: ವಿದ್ಯೆ, ಅಧಿಕಾರ ಮತ್ತು ಪ್ರತಿಭಟನೆ

೧

ಕೊಕ್ಕರ್ಣೆಯ ಸುತ್ತಣ ಸೀಮೆಯಲ್ಲಿ ಬೆಳೆದವರಿಗೆ ಪುರಾಣಕಥೆಗಳ ಮೊದಲ ಪರಿಚಯವಾಗುವುದು ಬಹುಮಟ್ಟಿಗೆ ಗ್ರಂಥದಿಂದಲ್ಲ, ಆಟದಿಂದ. ಕೊಯ್ಲು ಮುಗಿದ ಗದ್ದೆಯಲ್ಲಿ ಮಂದಾರ್ತಿ ಮೇಳದವರ ಹರಕೆಯ ಬಯಲಾಟ ನಡೆಯುವಾಗ, ಕಥೆ ಮುಂದೆ ಏನಾಗುವುದೆಂಬ ಕುತೂಹಲ ಪ್ರೇಕ್ಷಕನಿಗೆ ಇರುವುದಿಲ್ಲ. ಅದು ಅವನಿಗೆ ಮೊದಲೇ ತಿಳಿದದ್ದು. ವೇಷಧಾರಿಯು ಇಂದು ಆ ಕಥೆಗೆ ಯಾವ ಅರ್ಥವನ್ನು ಹೇಳುವನೆಂಬುದೇ ಅವನ ಕುತೂಹಲ. ಪ್ರಸಂಗದ ಪದ್ಯ ನಿಶ್ಚಿತವಾದುದು, ಅದರ ಮೇಲಣ ಮಾತು ಆಶುವಾದುದು. ತಾಳಮದ್ದಳೆಯಲ್ಲಂತೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯು ಗಳಿಗೆಗಟ್ಟಲೆ ಪ್ರಶ್ನಿಸಬಹುದು. ಸಮರ್ಥನಾದ ಅರ್ಥಧಾರಿಯಾದರೆ ವಾದದಲ್ಲಿ ಗೆಲ್ಲಲೂ ಬಹುದು. ಆದರೆ ಮುಂದಿನ ಪದ್ಯ ಬಂದೊಡನೆ ಅವನು ಸಾಯಲೇಬೇಕು. ಪ್ರಶ್ನೆಗೆ ಅವಕಾಶವುಂಟು, ಫಲಿತಾಂಶವನ್ನು ಬದಲಿಸಲು ಅವಕಾಶವಿಲ್ಲ.

ಪೂರ್ವಕಥೆಯನ್ನು ಎತ್ತಿಕೊಳ್ಳುವ ಆಧುನಿಕ ನಾಟಕಕಾರನ ಸಮಸ್ಯೆ ಇಲ್ಲಿಂದಲೇ ಆರಂಭವಾಗುತ್ತದೆ. ಅವನು ಅರ್ಥವನ್ನಷ್ಟೇ ಹೇಳಬೇಕೆ, ಪದ್ಯವನ್ನೂ ತಿದ್ದಬಹುದೆ? ವಿದ್ಯೆ ಯಾರದು, ಅದನ್ನು ಪಡೆಯುವ ಹಕ್ಕನ್ನು ಕೊಡುವವರು ಯಾರು, ನಿರಾಕರಿಸಲ್ಪಟ್ಟವನು ಮಾಡಬಹುದಾದುದೇನು ಎಂಬ ಪ್ರಶ್ನೆಗಳನ್ನು ಹೊತ್ತ ಕಥೆಗಳಲ್ಲಿ ಈ ಸಮಸ್ಯೆ ಇನ್ನೂ ತೀವ್ರವಾಗುತ್ತದೆ. ಕುವೆಂಪು ಅವರ ‘ಶೂದ್ರತಪಸ್ವಿ’ (೧೯೪೪) ಮತ್ತು ‘ಬೆರಳ್‌ಗೆ ಕೊರಳ್’ (೧೯೪೭), ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ (೧೯೯೪) ಎಂಬ ಮೂರು ನಾಟಕಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕಥೆಯನ್ನು ತಿದ್ದುವುದು ಕನ್ನಡಕ್ಕೆ ಹೊಸತಲ್ಲವೆಂಬುದನ್ನು ಮೊದಲು ನೆನೆಯಬೇಕು. ಕ್ರಿ.ಶ. ೯೪೧ರ ‘ವಿಕ್ರಮಾರ್ಜುನವಿಜಯ’ದಲ್ಲಿ ಪಂಪನು ತನ್ನ ಆಶ್ರಯದಾತನಾದ ಚಾಳುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿಕೊಂಡನು. ಆ ಕಲ್ಪನೆಗೆ ಅನುಗುಣವಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದನು. ಪಂಪನ ಕಾವ್ಯ ಆಶ್ರಯದ ಋಣವನ್ನು ಮೀರಿ ಬೆಳೆದ ಕಾವ್ಯವೆಂಬುದು ನಿಜ. ಆದರೂ ಅಲ್ಲಿಯ ಮಾರ್ಪಾಟು ಬಾಗಿದ್ದು ಸಿಂಹಾಸನದ ಕಡೆಗೆ. ಇಪ್ಪತ್ತನೆಯ ಶತಮಾನದ ಮಾರ್ಪಾಟು ಬಾಗಿದ್ದು ಸಿಂಹಾಸನದಿಂದ ಆಚೆಗೆ. ೧೯೨೯ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ‘ಅಯಾಸ್’ ನಾಟಕದ ಅಚ್ಚಿನಲ್ಲಿ ‘ಅಶ್ವತ್ಥಾಮನ್’ ಬರೆದು, ಪುರಾಣವು ಚಿರಂಜೀವಿಯೆಂದ ವೀರನಿಗೆ ರಂಗದ ಮೇಲೆ ಮರಣವನ್ನು ತಂದುಕೊಟ್ಟಾಗಲೇ ಪದ್ಯವನ್ನು ತಿದ್ದುವ ಧೈರ್ಯ ನಮ್ಮ ನಾಟಕಕ್ಕೆ ಬಂದಿತ್ತು.

ಇಂಥ ಧೈರ್ಯಕ್ಕೆ ಕಾಲದ ಒತ್ತಾಸೆಯೂ ಇರುತ್ತದೆ. ಜರ್ಮನರ ವಶದಲ್ಲಿದ್ದ ಪ್ಯಾರಿಸಿನಲ್ಲಿ ಜಾನ್ ಅನ್ವಿಯ ‘ಆಂಟಿಗೊನೆ’ ರಂಗವೇರಿದುದು ೧೯೪೪ರಲ್ಲಿ. ರಾಜಾಜ್ಞೆಗೆ ಮಣಿಯದೆ ಅಣ್ಣನ ಶವಸಂಸ್ಕಾರ ಮಾಡಿದ ಹುಡುಗಿಯ ಗ್ರೀಕ್ ಕಥೆಯನ್ನು ಆ ಪ್ರೇಕ್ಷಕರು ಹಳೆಯ ಕಥೆಯೆಂದಷ್ಟೇ ನೋಡಿರಲಾರರು. ಅದೇ ವರ್ಷ ಕನ್ನಡದಲ್ಲಿ ಶಂಬೂಕನ ಕಥೆ ನಾಟಕವಾಯಿತು. ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೆ ನೇರವಾಗಿ ಆಡಲು ಕಷ್ಟವಾದುದನ್ನು ಎಲ್ಲರಿಗೂ ತಿಳಿದ ಕಥೆಯ ಮೂಲಕ ಆಡುವುದೆಂಬ ಮಾರ್ಗ ಒಂದೇ.

೩

ವಾಲ್ಮೀಕಿರಾಮಾಯಣದ ಉತ್ತರಕಾಂಡದಲ್ಲಿ ಬ್ರಾಹ್ಮಣನೊಬ್ಬನು ತನ್ನ ಮಗನ ಅಕಾಲಮರಣಕ್ಕಾಗಿ ರಾಜದ್ವಾರದಲ್ಲಿ ಗೋಳಿಡುತ್ತಾನೆ. ಶೂದ್ರನೊಬ್ಬನು ತಪಸ್ಸು ಮಾಡುತ್ತಿರುವುದೇ ಇದಕ್ಕೆ ಕಾರಣವೆಂದು ನಾರದನು ತಿಳಿಸುತ್ತಾನೆ. ತಲೆಕೆಳಗಾಗಿ ತೂಗುತ್ತ ತಪಸ್ಸಿನಲ್ಲಿರುವ ಶಂಬೂಕನನ್ನು ರಾಮನು ಕಂಡು ಪ್ರಶ್ನಿಸುತ್ತಾನೆ. ಶಂಬೂಕನು ತನ್ನ ಹುಟ್ಟು, ಹೆಸರು, ತಪಸ್ಸಿನ ಉದ್ದೇಶ ಇಷ್ಟನ್ನು ಹೇಳುತ್ತಿದ್ದಂತೆಯೇ ರಾಮನ ಖಡ್ಗ ಅವನ ತಲೆಯನ್ನು ತೆಗೆಯುತ್ತದೆ. ಅತ್ತ ಮಗು ಬದುಕುತ್ತದೆ. ಕಥೆಯು ಶಂಬೂಕನಿಗೆ ಕೊಟ್ಟ ಮಾತು ಇಷ್ಟೆ.

ಕುವೆಂಪು ಈ ಫಲಿತಾಂಶವನ್ನು ಒಪ್ಪಲಿಲ್ಲ. ಅವರ ನಾಟಕದಲ್ಲಿ ದೂರು ತಂದ ಬ್ರಾಹ್ಮಣನು ರಾಮನೊಡನೆ ತಪೋವನಕ್ಕೆ ಬರುತ್ತಾನೆ. ರಾಮನು ಬಿಟ್ಟ ಅಸ್ತ್ರವು ತಪಸ್ವಿಗೆ ಎರಗುವುದಿಲ್ಲ. ಅವನಿಗೆ ನಮಿಸಿ, ತಪೋದ್ವೇಷಿಯಾದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಅವನು ತನ್ನ ತಪ್ಪನ್ನರಿತು ತಪಸ್ವಿಗೆ ತಲೆಬಾಗಿದ ಮೇಲೆಯೇ ಮಗು ಬದುಕುವುದು. ಪಾತ್ರಗಳು ಅವೇ, ಮಗುವಿನ ಮರಣವೂ ಪುನರ್ಜೀವನವೂ ಅವೇ. ಕಾರ್ಯಕಾರಣ ಮಾತ್ರ ತಿರುಗಿ ನಿಂತಿದೆ. ಮಗುವಿನ ಸಾವಿಗೆ ಕಾರಣ ಶೂದ್ರನ ತಪಸ್ಸಲ್ಲ, ತಪಸ್ಸಿಗೆ ಆದ ಅಪಚಾರ.

ಪೂರ್ವಕಥೆಯನ್ನು ಹೀಗೆ ಮಾರ್ಪಡಿಸುವುದು ಯುಕ್ತವೇ ಎಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಆಧುನಿಕ ಕನ್ನಡ ವಿಮರ್ಶೆಯ ಮುಖ್ಯ ವಾದಗಳಲ್ಲಿ ಇದೊಂದು. ಇದನ್ನು ಸಂಪ್ರದಾಯ ಮತ್ತು ಪ್ರಗತಿಗಳ ಜಗಳವೆಂದು ಸುಲಭವಾಗಿ ತೀರ್ಮಾನಿಸುವುದು ಸರಿಯಲ್ಲ. ಒಂದು ಜನಾಂಗದ ನೆನಪಿನಲ್ಲಿ ನೆಲೆನಿಂತ ಕಥೆಯ ಮೇಲೆ ಒಬ್ಬ ಕವಿಗೆ ಎಷ್ಟು ಹಕ್ಕಿದೆ ಎಂಬುದು ನಿಜವಾದ ಪ್ರಶ್ನೆ.

ನನ್ನ ಮಟ್ಟಿಗೆ ಈ ನಾಟಕದ ಕೊರತೆ ಬೇರೊಂದು ಕಡೆ ಇದೆ. ಇಲ್ಲಿ ಶಂಬೂಕನನ್ನು ಉಳಿಸುವುದು ಅಸ್ತ್ರದ ವಿವೇಕ. ಎಂದರೆ ಅಧಿಕಾರವೇ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ರಾಮನ ಕೀರ್ತಿ ಉಳಿಯಿತು, ಧರ್ಮ ಉಳಿಯಿತು. ಆದರೆ ಅಸ್ತ್ರಕ್ಕೆ ವಿವೇಕವಿಲ್ಲದ ಲೋಕದಲ್ಲಿ ಶಂಬೂಕನ ಗತಿಯೇನು? ಈ ಪ್ರಶ್ನೆ ಕವಿಯನ್ನೂ ಕಾಡಿರಬೇಕು. ಮೂರು ವರ್ಷಗಳ ಅನಂತರದ ನಾಟಕ ಅದಕ್ಕೆ ಉತ್ತರದಂತಿದೆ.

೪

‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಯಾವ ಅಸ್ತ್ರವೂ ಹಿಂದಿರುಗುವುದಿಲ್ಲ. ಏಕಲವ್ಯನ ಹೆಬ್ಬೆರಳು ಆದಿಪರ್ವದಲ್ಲಿ ಹೋದಂತೆಯೇ ಇಲ್ಲಿಯೂ ಹೋಗುತ್ತದೆ. ಆದಿಪರ್ವದ ಪ್ರಕಾರ, ನಿಷಾದರಾಜ ಹಿರಣ್ಯಧನುವಿನ ಮಗನನ್ನು ದ್ರೋಣನು ಶಿಷ್ಯನಾಗಿ ಸ್ವೀಕರಿಸಲಿಲ್ಲ. ಏಕಲವ್ಯನು ಮಣ್ಣಿನ ಮೂರ್ತಿಯನ್ನು ಗುರುವೆಂದು ಭಾವಿಸಿ ಅಭ್ಯಾಸ ಮಾಡಿದನು. ಬೊಗಳುವ ನಾಯಿಯ ಬಾಯನ್ನು ಬಾಣಗಳಿಂದ ತುಂಬಿದ ಅವನ ಕೈಚಳಕವನ್ನು ಕಂಡು ಅರ್ಜುನನು ಕಳವಳಗೊಂಡನು. ತನಗೆ ಸಮಾನನಾದ ಶಿಷ್ಯನಿರಲಾರನೆಂದು ದ್ರೋಣನು ಹಿಂದೆ ಕೊಟ್ಟ ಮಾತನ್ನು ಅವನಿಗೆ ನೆನಪಿಸಿದನು. ಆ ಮಾತಿನ ಬೆಲೆಯೇ ಬಲಗೈಯ ಹೆಬ್ಬೆರಳು.

ಇಲ್ಲಿ ಅಧ್ಯಾಪಕರಾದವರು ಗಮನಿಸಬೇಕಾದ ಒಂದು ಅಂಶವಿದೆ. ದ್ರೋಣನು ಸ್ವತಃ ಅಧಿಕಾರಸ್ಥನಲ್ಲ. ಬಡತನದಿಂದ ನೊಂದು, ದ್ರುಪದನಿಂದ ಅವಮಾನಿತನಾಗಿ, ಹಸ್ತಿನಾವತಿಯ ಅನ್ನಕ್ಕೆ ಬಂದವನು. ವಿದ್ಯೆ ಅವನದು, ಆ ವಿದ್ಯೆಯನ್ನು ಯಾರಿಗೆ ಕೊಡಬೇಕೆಂಬ ನಿರ್ಣಯ ಅವನದಲ್ಲ. ಅಧಿಕಾರವು ವಿದ್ಯೆಯನ್ನು ಬಲಾತ್ಕಾರದಿಂದ ಕಸಿದುಕೊಳ್ಳಬೇಕಾಗಿಲ್ಲ; ವಿದ್ಯಾವಂತನಿಗೆ ಆಶ್ರಯವನ್ನು ಕೊಟ್ಟರೆ ಸಾಕು. ವಿದ್ಯೆಯೂ ಅಧಿಕಾರವೂ ಒಂದನ್ನೊಂದು ಹೆಣೆದುಕೊಂಡೇ ಬೆಳೆಯುತ್ತವೆಂದು ಫ್ರೆಂಚ್ ಚಿಂತಕ ಮಿಷೆಲ್ ಫೂಕೋ ೧೯೭೫ರ ತನ್ನ ಗ್ರಂಥದಲ್ಲಿ ಸೆರೆಮನೆ, ಶಾಲೆ, ಸೈನ್ಯಗಳ ಇತಿಹಾಸದ ಮೂಲಕ ವಾದಿಸಿದನು. ದ್ರೋಣನ ಕಥೆಯನ್ನು ಕೇಳಿ ಬೆಳೆದ ನಮಗೆ ಆ ವಾದದ ತಿರುಳು ತೀರ ಅಪರಿಚಿತವಾಗಬೇಕಾಗಿಲ್ಲ.

ಆದಿಪರ್ವವು ಏಕಲವ್ಯನ ತಂದೆಯನ್ನು ಹೆಸರಿಸುತ್ತದೆ, ತಾಯಿಯ ಮಾತೆತ್ತುವುದಿಲ್ಲ. ಕುವೆಂಪು ಆ ತಾಯಿಯನ್ನು ರಂಗಕ್ಕೆ ತಂದರು. ಮಗನಿಗೆ ಬೆರಳನ್ನು ಕೊಟ್ಟುದು ಗುರುಭಕ್ತಿಯ ಸಾರ್ಥಕತೆ. ತಾಯಿಗೆ ಅದು ಬರಿಯ ಅನ್ಯಾಯ. ಬೆರಳಿಗೆ ಕೊರಳೇ ಬೆಲೆಯಾಗುವುದೆಂಬ ನಾಟಕದ ಹೆಸರು, ಕುರುಕ್ಷೇತ್ರದಲ್ಲಿ ಧೃಷ್ಟದ್ಯುಮ್ನನ ಕೈಯಿಂದ ದ್ರೋಣನಿಗೆ ಒದಗಲಿರುವ ಶಿರಚ್ಛೇದವನ್ನು ಸೂಚಿಸುತ್ತದೆ. ಮೂಲದಲ್ಲಿ ದೂರ ದೂರ ಇದ್ದ ಎರಡು ಘಟನೆಗಳನ್ನು ನಾಟಕವು ಕರ್ಮದ ಒಂದೇ ಎಳೆಯಿಂದ ಕಟ್ಟಿತು. ಫಲಿತಾಂಶವನ್ನು ಮುಟ್ಟದೆಯೇ ತೀರ್ಪನ್ನು ಬದಲಿಸಿದ ಕ್ರಮವಿದು. ‘ಶೂದ್ರತಪಸ್ವಿ’ಗಿಂತ ಇದು ಹೆಚ್ಚು ಕಠಿಣವಾದುದು, ಹೆಚ್ಚು ಸತ್ಯವಾದುದು ಎಂದು ತೋರುತ್ತದೆ. ಏಕೆಂದರೆ ಇಲ್ಲಿ ಪ್ರತಿಭಟನೆಯ ಮಾತು ಹೊರಡುವುದು ದೈವಿಕವಾದ ಅಸ್ತ್ರದಿಂದಲ್ಲ, ಕಥೆಯು ಲೆಕ್ಕಕ್ಕೇ ಹಿಡಿಯದಿದ್ದ ಒಬ್ಬ ಹೆಂಗಸಿನಿಂದ.

೫

ಕಾರ್ನಾಡರ ‘ಅಗ್ನಿ ಮತ್ತು ಮಳೆ’ ವನಪರ್ವದ ಯವಕ್ರೀತೋಪಾಖ್ಯಾನವನ್ನು ಆಧರಿಸಿದುದು. ತೀರ್ಥಯಾತ್ರೆಯ ಕಾಲದಲ್ಲಿ ಲೋಮಶನು ಯುಧಿಷ್ಠಿರನಿಗೆ ಹೇಳುವ ಕಥೆ ಅದು. ಭರದ್ವಾಜನ ಮಗ ಯವಕ್ರೀತನು ಗುರುವಿನ ಬಳಿ ಕಲಿಯದೆ ತಪಸ್ಸಿನಿಂದಲೇ ವೇದವನ್ನು ಪಡೆಯಲೆಳಸುತ್ತಾನೆ. ಇಂದ್ರನು ಮುದುಕನ ವೇಷದಲ್ಲಿ ಗಂಗೆಗೆ ಹಿಡಿಹಿಡಿಯಾಗಿ ಮರಳೆಸೆದು ಸೇತುವೆ ಕಟ್ಟುವ ನಟನೆಯಿಂದ ಅವನಿಗೆ ಬುದ್ಧಿ ಹೇಳುತ್ತಾನೆ. ಕೊನೆಗೆ ವರವನ್ನೂ ಕೊಡುತ್ತಾನೆ. ಮದವೇರಿದ ಯವಕ್ರೀತನು ರೈಭ್ಯನ ಸೊಸೆಯ ಮೇಲೆ ಅತ್ಯಾಚಾರವೆಸಗಿ, ರೈಭ್ಯನು ಸೃಷ್ಟಿಸಿದ ಕೃತ್ಯೆ ಮತ್ತು ರಾಕ್ಷಸರಿಂದ ಹತನಾಗುತ್ತಾನೆ. ರೈಭ್ಯನನ್ನು ಹಿರಿಯ ಮಗ ಪರಾವಸು ಕತ್ತಲೆಯಲ್ಲಿ ಮೃಗವೆಂದು ಭ್ರಮಿಸಿ ಕೊಂದು, ದೋಷವನ್ನು ತಮ್ಮ ಅರ್ವಾವಸುವಿನ ಮೇಲೆ ಹೊರಿಸುತ್ತಾನೆ. ಕೊನೆಯಲ್ಲಿ ತಮ್ಮನ ತಪಸ್ಸಿಗೆ ದೇವತೆಗಳು ಮೆಚ್ಚಿ ಸತ್ತವರೆಲ್ಲರನ್ನೂ ಬದುಕಿಸುತ್ತಾರೆ. ಕಷ್ಟಪಟ್ಟು ಗುರುಮುಖದಿಂದ ಕಲಿತ ವಿದ್ಯೆಯೇ ವಿದ್ಯೆಯೆಂಬುದು ಕಥೆಯ ಉಪದೇಶ.

ಕಾರ್ನಾಡರು ಘಟನೆಗಳ ಎಲುಬುಗೂಡನ್ನು ಉಳಿಸಿಕೊಂಡು ಉಪದೇಶವನ್ನು ಬಿಟ್ಟರು. ವಿದ್ಯೆಯನ್ನು ಹೇಗೆ ಪಡೆಯಬೇಕೆಂಬುದು ಮೂಲದ ಪ್ರಶ್ನೆ; ವಿದ್ಯೆಯಿಂದ ಯಾರಿಗೆ ಏನಾಯಿತೆಂಬುದು ನಾಟಕದ ಪ್ರಶ್ನೆ. ಹತ್ತು ವರ್ಷಗಳ ಬರಗಾಲ, ಮಳೆಗಾಗಿ ಏಳು ವರ್ಷಗಳಿಂದ ನಡೆದಿರುವ ಯಜ್ಞ, ಯಜ್ಞಶಾಲೆಯ ಹೊರಗೆ ಹಸಿದ ಜನ, ಇದು ನಾಟಕದ ಹಿನ್ನೆಲೆ. ಮೂಲದಲ್ಲಿ ಹೆಸರಿಲ್ಲದ ಪರಾವಸುವಿನ ಪತ್ನಿ ಇಲ್ಲಿ ವಿಶಾಖೆಯಾಗುತ್ತಾಳೆ. ಮೂಲದಲ್ಲಿ ಹೆಸರಿಲ್ಲದ ಕುರುಡ ಶೂದ್ರ ಕಾವಲುಗಾರನು ಅಂಧಕನಾಗುತ್ತಾನೆ. ಹೆಜ್ಜೆಯ ಸಪ್ಪಳದಿಂದಲೇ ಎಲ್ಲರನ್ನೂ ಗುರುತಿಸಬಲ್ಲ ಅವನು, ಪ್ರಾಣಭಯದಿಂದ ಓಡಿಬರುವ ಯವಕ್ರಿಯ ಹೆಜ್ಜೆಯನ್ನು ಗುರುತಿಸಲಾರದೆ ತಡೆಯುತ್ತಾನೆ. ಮೂಲದಲ್ಲಿ ಪಿತೃಹತ್ಯೆ ಆಕಸ್ಮಿಕ; ನಾಟಕದಲ್ಲಿ ಅದು ಉದ್ದೇಶಪೂರ್ವಕ. ವಿದ್ಯಾವಂತರ ಆ ಮನೆಯಲ್ಲಿ ಪ್ರತಿಯೊಬ್ಬನ ವಿದ್ಯೆಯೂ ಮತ್ತೊಬ್ಬನನ್ನು ಕೊಲ್ಲಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ಮೂಲದಲ್ಲಿ ಎಳ್ಳಷ್ಟೂ ಇಲ್ಲದ ಪಾತ್ರ ನಿತ್ತಿಲೆ. ಬೇಡರ ಹುಡುಗಿಯಾದ ಅವಳು ಅರವಸುವನ್ನು ಪ್ರೀತಿಸಿದವಳು. ಅವಳ ಪ್ರಶ್ನೆಗಳು ಸರಳವಾದುವು: ಇಂದ್ರನನ್ನು ಕಂಡ ಯವಕ್ರಿ ಒಂದೆರಡು ಒಳ್ಳೆಯ ಮಳೆಯನ್ನೇಕೆ ಕೇಳಲಿಲ್ಲ? ಸಾಯುತ್ತಿರುವ ಮಕ್ಕಳನ್ನು ಉಳಿಸಲಾರದ ಜ್ಞಾನದಿಂದ ಪ್ರಯೋಜನವೇನು? ಇವಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಅವಳು ವಿದ್ಯೆಯನ್ನು ಬೇಡುವುದಿಲ್ಲ, ಶಂಬೂಕನಂತೆ ತಪಸ್ಸಿಗೆ ಕೂರುವುದಿಲ್ಲ, ಏಕಲವ್ಯನಂತೆ ಮೂರ್ತಿಯನ್ನು ಪೂಜಿಸುವುದಿಲ್ಲ; ವಿದ್ಯೆಯನ್ನೇ ಪರೀಕ್ಷೆಗೆ ಒಡ್ಡುತ್ತಾಳೆ. ಅಣ್ಣನಿಂದ ವಂಚಿತನಾಗಿ ಪೆಟ್ಟು ತಿಂದು ಬಿದ್ದ ಅರವಸುವನ್ನು ಆರೈಕೆ ಮಾಡಲು ಗಂಡನನ್ನು ತೊರೆದು ಬಂದವಳೂ ಅವಳೇ. ಅದಕ್ಕಾಗಿ ತನ್ನವರ ಕೈಯಿಂದಲೇ ಕೊಲೆಯಾದವಳೂ ಅವಳೇ. ಬೇಡರ ಸಮಾಜವನ್ನು ನಿರ್ದೋಷಿಯೆಂದು ಚಿತ್ರಿಸದಿರುವುದು ನಾಟಕಕಾರರ ಪ್ರಾಮಾಣಿಕತೆ.

ಕೊನೆಯಲ್ಲಿ ಇಂದ್ರನು ವರವನ್ನು ಕೇಳೆಂದಾಗ ಅರವಸು ಬಯಸುವುದು ನಿತ್ತಿಲೆಯ ಪ್ರಾಣವನ್ನು. ಆದರೆ ಅವಳನ್ನು ಬದುಕಿಸಬೇಕಾದರೆ ಕಾಲಚಕ್ರವೇ ಹಿಂದಕ್ಕೆ ತಿರುಗಬೇಕು. ಆಗ ನಡೆದುದೆಲ್ಲ ಮತ್ತೆ ನಡೆಯಬಹುದು. ಅತ್ತ ಮುಕ್ತಿಗಾಗಿ ಬ್ರಹ್ಮರಾಕ್ಷಸನು ಮೊರೆಯಿಡುತ್ತಿದ್ದಾನೆ. ನಿತ್ತಿಲೆ ಇದ್ದಿದ್ದರೆ ಏನು ಮಾಡುತ್ತಿದ್ದಳೆಂದು ಯೋಚಿಸಿ ಅರವಸು ತನ್ನ ಬಯಕೆಯನ್ನು ಬಿಡುತ್ತಾನೆ, ಬ್ರಹ್ಮರಾಕ್ಷಸನ ಬಿಡುಗಡೆಯನ್ನು ಬೇಡುತ್ತಾನೆ. ಮಳೆ ಬರುತ್ತದೆ. ಏಳು ವರ್ಷದ ಯಜ್ಞದಿಂದ ಆಗದುದು ಒಬ್ಬ ಸಾಮಾನ್ಯನ ತ್ಯಾಗದಿಂದ ಆಯಿತು. ಮೂಲದಲ್ಲಿ ಎಲ್ಲರನ್ನೂ ಬದುಕಿಸಿದ ಸುಖಾಂತವನ್ನು ನಾಟಕಕಾರರು ನಿರಾಕರಿಸಿದುದು ಇಲ್ಲಿ ಅರ್ಥಪೂರ್ಣವಾಗಿದೆ: ಸತ್ತವರು ಹಿಂದಿರುಗುವುದಿಲ್ಲವೆಂದು ಒಪ್ಪಿದಾಗಲೇ ಸೇಡಿನ ಸರಪಳಿ ಕಡಿಯುವುದು.

೬

ಮೂರು ನಾಟಕಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಕ್ರಮ ಗೋಚರಿಸುತ್ತದೆ. ಮೊದಲನೆಯದರಲ್ಲಿ ಅಧಿಕಾರವು ತಾನೇ ಎಚ್ಚತ್ತು ವಂಚಿತನನ್ನು ಗೌರವಿಸುತ್ತದೆ. ಎರಡನೆಯದರಲ್ಲಿ ಅನ್ಯಾಯ ನಡೆದೇ ಹೋಗುತ್ತದೆ, ಆದರೆ ಅದಕ್ಕೆ ಸಾಕ್ಷಿಯೊಂದು ಹುಟ್ಟುತ್ತದೆ. ಮೂರನೆಯದರಲ್ಲಿ ವಿದ್ಯೆಯ ಬೆಲೆಯೇ ಪ್ರಶ್ನೆಗೆ ಒಳಗಾಗುತ್ತದೆ. ಮೂರಕ್ಕೂ ಸಮಾನವಾದುದೊಂದಿದೆ. ಯಾವ ನಾಟಕಕಾರನೂ ಪೂರ್ವಕಥೆಯನ್ನು ಎಸೆದುಬಿಡಲಿಲ್ಲ. ಕಥೆಯು ತಾನೇ ಬಿಟ್ಟ ಮೌನದೊಳಕ್ಕೆ ಪ್ರವೇಶಿಸಿದನು. ಮಾತು ಮುಗಿಯುತ್ತಲೇ ತಲೆ ಕಳೆದುಕೊಂಡ ತಪಸ್ವಿ, ಲೆಕ್ಕಕ್ಕೆ ಬಾರದ ತಾಯಿ, ಹೆಸರಿಲ್ಲದ ಕಾವಲುಗಾರ, ಇವರು ಹೊರಗಿನಿಂದ ತಂದವರಲ್ಲ. ಅವರು ಅಲ್ಲಿಯೇ ಇದ್ದರು, ಇಲ್ಲವೆ ಅವರಿಗೊಂದು ಸ್ಥಳ ಅಲ್ಲಿ ತೆರವಾಗಿತ್ತು. ನಿತ್ತಿಲೆಗೆ ಅಂಥ ಸ್ಥಳವೂ ಇರಲಿಲ್ಲ; ಆದರೆ ವರ ಪಡೆದವನನ್ನು ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದು ಅಲ್ಲಿತ್ತು. ಅದನ್ನು ಕೇಳಲಿಕ್ಕೆಂದೇ ಅವಳು ಹುಟ್ಟಿದಳು. ಪ್ರತಿಭಟನೆಗೆ ಬೇಕಾದ ಸಾಮಗ್ರಿಯನ್ನು ಪುರಾಣವು ತನ್ನ ಒಡಲಲ್ಲಿಯೇ ಇರಿಸಿಕೊಂಡಿದೆಯೆಂಬುದು ಇದರ ತಾತ್ಪರ್ಯ.

ಆದುದರಿಂದ ತರಗತಿಯಲ್ಲಿ ಈ ನಾಟಕಗಳನ್ನು ಪಾಠ ಹೇಳುವಾಗ ಮೂಲಕಥೆಯನ್ನೂ ಜೊತೆಗೆ ಓದಿಸುವುದು ಅವಶ್ಯಕ. ಎಲ್ಲಿ ಬದಲಾಯಿತೆಂದು ತಿಳಿಯದವನಿಗೆ ಏಕೆ ಬದಲಾಯಿತೆಂಬುದು ತಿಳಿಯದು. ಕರಾವಳಿಯ ವಿದ್ಯಾರ್ಥಿಗಳಿಗೆ ಇದು ಕಷ್ಟವಾಗಲಾರದು. ವಾಲಿಯ ವಾದವನ್ನು ಕೇಳುತ್ತ ನಿದ್ದೆಗೆಟ್ಟವರು ಅವರು. ಪದ್ಯವೂ ಅರ್ಥವೂ ಬೇರೆ ಬೇರೆಯೆಂಬುದನ್ನು ಹೇಳಿಸಿಕೊಳ್ಳದೆಯೇ ಬಲ್ಲರು. ಅಧ್ಯಾಪಕರಾದ ನಮಗೆ ಮಾತ್ರ ಈ ಪಾಠ ಸ್ವಲ್ಪ ಕಠಿಣವಾದುದು. ಬಾಗಿಲಲ್ಲಿ ಯಾರು ಬಂದು ನಿಂತರು, ಯಾರನ್ನು ಯಾವ ಕಾರಣವೊಡ್ಡಿ ಹಿಂದಕ್ಕೆ ಕಳುಹಿದೆವು ಎಂಬ ಪ್ರಶ್ನೆ ದ್ರೋಣನೊಬ್ಬನಿಗೆ ಮೀಸಲಾದುದಲ್ಲ.