ಬೆರಳಚ್ಚಿನಲ್ಲಿ ಜಾತಿಯೂ ವ್ಯಕ್ತಿಯೂ

ಕಣ್ಣ ಮುಂದೆ ನಿಂತಿರುವ ಪುರುಷನನ್ನು ಕಂಡು, ಅಂದು ನೋಡಿದ ದೇವದತ್ತನೇ ಇವನು ಎಂದು ನಿಶ್ಚಯಿಸುವ ಜ್ಞಾನಕ್ಕೆ ನಮ್ಮ ಶಾಸ್ತ್ರಕಾರರು ಪ್ರತ್ಯಭಿಜ್ಞೆಯೆಂದು ಹೆಸರಿಟ್ಟಿರುವರು. ಅಂದಿನ ದೇಶಕಾಲಗಳು ಬೇರೆ, ಇಂದಿನವು ಬೇರೆ. ಆದರೂ ವ್ಯಕ್ತಿ ಒಬ್ಬನೇ ಎಂಬುದು ಅದರ ತಿರುಳು. ದೇವದತ್ತನನ್ನು ಯಾರೂ ಕಾಣದೆ, ಅವನ ಬೆರಳು ಸೋಕಿದ ಗುರುತೊಂದೇ ಉಳಿದಿದ್ದರೆ ಆ ನಿಶ್ಚಯವು ಹೇಗೆ ಉಂಟಾಗಬೇಕು? ನ್ಯಾಯಸ್ಥಾನಗಳಲ್ಲಿ ಮನುಷ್ಯರ ಮಾನಪ್ರಾಣಗಳು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವುದರಿಂದ, ಬೆರಳಚ್ಚಿನ ಪರೀಕ್ಷಾಕ್ರಮವನ್ನೂ ಅದರ ಎಲ್ಲೆಯನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸುವೆನು. ಓಲೆಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸಬಲ್ಲ ವಾಚಕರಿಗೆ ಈ ವಿಚಾರವು ತೀರ ಹೊಸದಾಗಿ ತೋರಲಾರದು.

ಬೆರಳ ತುದಿಯ ಚರ್ಮವು ನುಣುಪಾದುದಲ್ಲ. ಉತ್ತ ಹೊಲದ ಸಾಲುಗಳಂತೆ ಅದರಲ್ಲಿ ಉಬ್ಬುಗೆರೆಗಳೂ ಅವುಗಳ ನಡುವೆ ತಗ್ಗುಗಳೂ ಇವೆ. ಉಬ್ಬುಗೆರೆಗಳ ಮೇಲೆ ಬೆವರಿನ ರಂಧ್ರಗಳಿರುವುದರಿಂದ, ಬೆರಳು ಮುಟ್ಟಿದೆಡೆಯಲ್ಲಿ ಬೆವರೂ ಜಿಡ್ಡೂ ಸೇರಿ ಆ ಗೆರೆಗಳ ಅಚ್ಚು ನಿಲ್ಲುವುದು. ಇದು ಬಹುಮಟ್ಟಿಗೆ ಕಣ್ಣಿಗೆ ಕಾಣದು. ಗಾಜು ಮೊದಲಾದ ನಯವಾದ ವಸ್ತುಗಳ ಮೇಲೆ ನುಣ್ಣನೆಯ ಪುಡಿಯನ್ನು ಸವರಿಯೂ, ಕಾಗದವನ್ನು ರಾಸಾಯನಿಕ ದ್ರವ್ಯಗಳಿಂದ ಸಂಸ್ಕರಿಸಿಯೂ ಅದನ್ನು ಪ್ರಕಟಪಡಿಸುವರು. ಈ ಗೆರೆಗಳು ಶಿಶುವು ಗರ್ಭದಲ್ಲಿರುವಾಗ ಮೂರನೆಯ ತಿಂಗಳ ಸುಮಾರಿಗೆ ಹುಟ್ಟತೊಡಗಿ, ಆರನೆಯ ತಿಂಗಳ ಹೊತ್ತಿಗೆ ನೆಲೆಗೊಳ್ಳುವುವು. ದೇಹವು ಬೆಳೆದಂತೆ ಅವು ಹಿಗ್ಗುವುವೇ ಹೊರತು ವಿನ್ಯಾಸವು ಮಾರ್ಪಡದು. ಮೇಲ್ದೊಗಲು ತರೆದುಹೋದರೂ ಮೊದಲಿನ ವಿನ್ಯಾಸವೇ ಮರಳಿ ಮೂಡುವುದು. ಗಾಯವು ಆಳವಾದರೆ ಮಾತ್ರ ಕಲೆ ಉಳಿಯುವುದು. ಒಂದೇ ಅಂಡದಿಂದ ಹುಟ್ಟಿದ ಅವಳಿಮಕ್ಕಳ ಬೆರಳಚ್ಚುಗಳು ಕೂಡ ಸೂಕ್ಷ್ಮಾಂಶಗಳಲ್ಲಿ ಭಿನ್ನವಾಗಿರುವುವು.

ಬೆರಳ ತುದಿಯಲ್ಲಿ ಸುತ್ತಿಕೊಂಡ ಸುಳಿಯನ್ನು ಚಕ್ರವೆಂದೂ, ಒಂದು ಪಕ್ಕಕ್ಕೆ ತೆರೆದುಕೊಂಡಿರುವುದನ್ನು ಶಂಖವೆಂದೂ ಕರೆಯುವುದು ನಮ್ಮ ಜನರಲ್ಲಿ ವಾಡಿಕೆಯಾಗಿದೆ. ಆದರೆ ಅದರ ಪ್ರಯೋಜನವು ಶುಭಾಶುಭ ಫಲವನ್ನು ಹೇಳುವುದರಲ್ಲಿಯೇ ನಿಂತಿತು. ಶರೀರಶಾಸ್ತ್ರದ ದೃಷ್ಟಿಯಿಂದ ಪುರ್ಕಿನ್ಯೆ ಎಂಬ ವಿದ್ವಾಂಸನು ೧೮೨೩ ರಲ್ಲಿ ಈ ವಿನ್ಯಾಸಗಳನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದನು. ೧೮೯೨ ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಫ್ರಾನ್ಸಿಸ್ ಗಾಲ್ಟನ್ನನು ಅವನ್ನು ಬಿಲ್ಲು, ಕುಣಿಕೆ, ಸುಳಿ ಎಂಬ ಮೂರು ಮುಖ್ಯ ವರ್ಗಗಳಿಗೆ ಇಳಿಸಿದನು. ಗೆರೆಗಳು ಒಂದು ಪಕ್ಕದಿಂದ ಹೊಕ್ಕು ನಡುವೆ ಬಾಗಿ ಇನ್ನೊಂದು ಪಕ್ಕಕ್ಕೆ ಸಾಗಿದರೆ ಅದು ಬಿಲ್ಲು. ಹೊಕ್ಕ ಕಡೆಗೇ ತಿರುಗಿ ಹೊರಟರೆ ಕುಣಿಕೆ. ಕೇಂದ್ರವನ್ನು ಬಳಸಿ ಸುತ್ತಿದರೆ ಸುಳಿ. ಗೆರೆಗಳ ಮೂರು ಪ್ರವಾಹಗಳು ಸಂಧಿಸುವೆಡೆಯಲ್ಲಿ ಚಿಕ್ಕದೊಂದು ತ್ರಿಕೋಣವು ಏರ್ಪಡುವುದು. ಸಾಮಾನ್ಯವಾದ ಬಿಲ್ಲಿನಲ್ಲಿ ತ್ರಿಕೋಣವಿಲ್ಲ, ಕುಣಿಕೆಯಲ್ಲಿ ಒಂದು, ಸುಳಿಯಲ್ಲಿ ಸಾಧಾರಣವಾಗಿ ಎರಡು. ಹೀಗಾಗಿ ವರ್ಗನಿರ್ಣಯವು ಪರೀಕ್ಷಕನ ಅಭಿರುಚಿಗೆ ಬಿಟ್ಟುದಲ್ಲ, ಅದಕ್ಕೆ ಲಕ್ಷಣವುಂಟು.

ಈ ವರ್ಗಗಳಿಂದ ದೊಡ್ಡದೊಂದು ಸಂಗ್ರಹಕ್ಕೆ ಅನುಕ್ರಮಣಿಕೆಯನ್ನು ರಚಿಸಿದ ಕಾರ್ಯವು ನಡೆದುದು ಬಂಗಾಳದಲ್ಲಿ. ಅಲ್ಲಿನ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬಿಬ್ಬರು ಭಾರತೀಯ ಅಧಿಕಾರಿಗಳು ಇದಕ್ಕಾಗಿ ದುಡಿದರು; ಪದ್ಧತಿಗೆ ಮಾತ್ರ ಹೆನ್ರಿಯ ಹೆಸರೇ ನಿಂತಿತು. ಬಲಗೈ ಹೆಬ್ಬೆರಳಿನಿಂದ ಎಡಗೈ ಕಿರುಬೆರಳಿನವರೆಗೆ ಹತ್ತು ಬೆರಳುಗಳನ್ನು ಎಣಿಸಿ, ಎರಡೆರಡಕ್ಕೆ ಕ್ರಮವಾಗಿ ೧೬, ೮, ೪, ೨, ೧ ಎಂಬ ಬೆಲೆಯನ್ನು ಗೊತ್ತುಮಾಡುವರು. ಸುಳಿಯಿರುವ ಬೆರಳಿಗೆ ಮಾತ್ರ ಆ ಬೆಲೆ ಸಲ್ಲುವುದು. ಸಮಸ್ಥಾನದ ಬೆರಳುಗಳ ಮೊತ್ತಕ್ಕೆ ಒಂದನ್ನು ಕೂಡಿಸಿ ಮೇಲೆಯೂ, ವಿಷಮಸ್ಥಾನದವುಗಳ ಮೊತ್ತಕ್ಕೆ ಒಂದನ್ನು ಕೂಡಿಸಿ ಕೆಳಗೆಯೂ ಬರೆದರೆ ಆ ಮನುಷ್ಯನ ವರ್ಗಾಂಕವು ದೊರೆಯುವುದು. ಬಲಗೈ ಹೆಬ್ಬೆರಳಿನಲ್ಲಿ ಮಾತ್ರ ಸುಳಿಯಿದ್ದವನ ಅಂಕವು ೧/೧೭. ಹೀಗೆ ೩೨ ನ್ನು ೩೨ ರಿಂದ ಗುಣಿಸಿದರೆ ಬರುವ ೧೦೨೪ ಕೋಷ್ಠಕಗಳು ಸಿದ್ಧವಾಗುವುವು. ಪ್ರಸ್ತಾರದ ಗಣಿತವನ್ನು ಛಂದಶ್ಶಾಸ್ತ್ರದಲ್ಲಿ ಓದಿದವರಿಗೆ ಇದರ ಯುಕ್ತಿಯು ಥಟ್ಟನೆ ಹೊಳೆಯುವುದು: ಒಂದೊಂದು ಸ್ಥಾನದಲ್ಲಿ ಎರಡೇ ವಿಕಲ್ಪಗಳು, ಸ್ಥಾನಗಳು ಹತ್ತು. ೧೮೯೭ ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ೧೯೦೧ ರಲ್ಲಿ ಲಂಡನ್ನಿನ ಪೊಲೀಸರೂ ಈ ಪದ್ಧತಿಯನ್ನು ಸ್ವೀಕರಿಸಿದರು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಕೋಷ್ಠಕವು ಜಾತಿಯನ್ನು ಹೇಳುವುದೇ ಹೊರತು ವ್ಯಕ್ತಿಯನ್ನಲ್ಲ. ಸ್ಥಳದಲ್ಲಿ ಸಿಕ್ಕಿದ ಗುರುತು ಸುಳಿಯಾಗಿದ್ದು ಆಪಾದಿತನ ಹತ್ತು ಬೆರಳುಗಳಲ್ಲಿಯೂ ಕುಣಿಕೆಗಳೇ ಇದ್ದರೆ, ಅದು ಅವನದಲ್ಲವೆಂದು ಹೇಳಬಹುದು. ಅವನಲ್ಲಿಯೂ ಸುಳಿಯಿದ್ದರೆ ಏನೂ ಸಿದ್ಧವಾಗದು. ಎರಡು ಕಾವ್ಯಗಳು ಒಂದೇ ವೃತ್ತದಲ್ಲಿರುವ ಮಾತ್ರಕ್ಕೆ ಕವಿ ಒಬ್ಬನೇ ಆಗುವನೇ? ವ್ಯಕ್ತಿಯನ್ನು ಹಿಡಿದುಕೊಡುವುದು ಗೆರೆಗಳ ಸೂಕ್ಷ್ಮ ವಿಶೇಷಗಳು. ಒಂದು ಗೆರೆ ಇದ್ದಕ್ಕಿದ್ದಂತೆ ಮುಗಿಯುವುದು, ಒಂದು ಕವಲೊಡೆಯುವುದು, ಕವಲೊಡೆದುದು ಮತ್ತೆ ಕೂಡಿ ನಡುವೆ ಕೆರೆಯಂತಹ ಆವರಣವನ್ನು ಬಿಡುವುದು, ಒಂದು ತುಂಡುಗೆರೆ, ಒಂದು ಚುಕ್ಕೆ ತಾನೇ ತಾನಾಗಿ ನಿಲ್ಲುವುದು. ಗಾಲ್ಟನ್ನನು ವಿವರಿಸಿದ ಈ ವಿಶೇಷಗಳ ಬಗೆಗಳು ಕೆಲವೇ ಆದರೂ, ಅವು ಒಂದರೊಡನೊಂದು ಯಾವ ಸ್ಥಾನದಲ್ಲಿ, ಯಾವ ದಿಕ್ಕಿಗೆ ಮುಖಮಾಡಿ, ನಡುವೆ ಎಷ್ಟು ಗೆರೆಗಳ ಅಂತರವಿಟ್ಟು ನಿಂತಿವೆ ಎಂಬ ಸನ್ನಿವೇಶವು ಬೆರಳಿಂದ ಬೆರಳಿಗೆ ಭಿನ್ನವಾಗುವುದು.

ಎಷ್ಟು ವಿಶೇಷಗಳು ಹೊಂದಿದರೆ ಸಾಕು? ಫ್ರಾನ್ಸಿನ ಲೊಕಾರನು ೧೨ ಕ್ಕಿಂತ ಹೆಚ್ಚಾಗಿ ಹೊಂದಿದರೆ ಸಂಶಯವಿಲ್ಲವೆಂದನು. ಇಂಗ್ಲೆಂಡಿನಲ್ಲಿ ೧೬ ಬೇಕೆಂಬ ನಿಯಮವು ಬಹುಕಾಲವಿದ್ದು ೨೦೦೧ ರಲ್ಲಿ ರದ್ದಾಯಿತು. ಸಂಖ್ಯೆಯೊಂದರಿಂದಲೇ ನಿರ್ಣಯವು ಸಿದ್ಧಿಸದೆಂಬುದು ಇದಕ್ಕೆ ಕಾರಣ. ಹತ್ತು ಸಾಮ್ಯಗಳಿದ್ದು, ಸಮಾಧಾನವಿಲ್ಲದ ಭೇದವೊಂದು ಉಳಿದರೂ ಐಕ್ಯವು ಮುರಿಯುವುದು. ಆದರೆ ಒತ್ತಡದಿಂದಲೋ ಬೆರಳು ಜಾರಿದುದರಿಂದಲೋ ಉಂಟಾದ ಭೇದವನ್ನು ನಿಜವಾದ ಭೇದದಿಂದ ಬೇರ್ಪಡಿಸಬೇಕು. ಲಿಪಿಕಾರನ ಕೈತಪ್ಪನ್ನು ಪಾಠಾಂತರದಿಂದ ಬೇರ್ಪಡಿಸುವಂತೆ.

ಈ ಶಾಸ್ತ್ರದ ಎಲ್ಲೆಯನ್ನು ತೋರಿಸುವ ಎರಡು ಪ್ರಸಂಗಗಳನ್ನು ಹೇಳುವೆನು. ೧೮೯೭ ರಲ್ಲಿ ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಚಹಾ ತೋಟದ ವ್ಯವಸ್ಥಾಪಕನೊಬ್ಬನು ಕತ್ತು ಕೊಯ್ಯಲ್ಪಟ್ಟು ಸತ್ತುಬಿದ್ದಿದ್ದನು. ಅಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲಿನ ಕಂದುಬಣ್ಣದ ಕಲೆಯು, ಹಿಂದೆ ಅವನ ಸೇವಕನಾಗಿದ್ದು ಕಳ್ಳತನಕ್ಕಾಗಿ ಸೆರೆಮನೆಯನ್ನು ಕಂಡಿದ್ದವನ ಬಲಗೈ ಹೆಬ್ಬೆರಳಿನದೆಂದು ಕಲ್ಕತ್ತೆಯ ಸಂಗ್ರಹದಿಂದ ತಿಳಿಯಿತು. ೧೮೯೮ ರಲ್ಲಿ ನ್ಯಾಯಾಲಯವು ಅವನಿಗೆ ಕಳವಿನ ಅಪರಾಧಕ್ಕೆ ಶಿಕ್ಷೆ ವಿಧಿಸಿತು, ಕೊಲೆಯ ಆಪಾದನೆಯಿಂದ ಬಿಡುಗಡೆ ಮಾಡಿತು. ಬೆರಳು ಪಂಚಾಂಗವನ್ನು ಮುಟ್ಟಿತೆಂಬುದು ಸಿದ್ಧವಾದರೂ, ಆ ಕೈಯೇ ಕತ್ತಿಯನ್ನು ಹಿಡಿಯಿತೆಂಬುದು ಅದರಿಂದಲೇ ಸಿದ್ಧವಾಗದು. ಹೇತುವು ಎಷ್ಟನ್ನು ಸಾಧಿಸಬಲ್ಲುದೋ ಅಷ್ಟನ್ನೇ ಒಪ್ಪಿದ ವಿವೇಕವಿದು.

ಎರಡನೆಯದು ನಮ್ಮ ಕಾಲದ್ದು. ೨೦೦೪ ರ ಮಾರ್ಚಿಯಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದುವು. ಸ್ಫೋಟಕ ಸಾಮಗ್ರಿಯಿದ್ದ ಚೀಲವೊಂದರ ಮೇಲಿನ ಗುರುತನ್ನು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯು ಕೋಟ್ಯಂತರ ಅಚ್ಚುಗಳುಳ್ಳ ಗಣಕಯಂತ್ರದ ಸಂಗ್ರಹದಲ್ಲಿ ಹುಡುಕಿ, ಆರೆಗಾನ್ ರಾಜ್ಯದ ವಕೀಲನೊಬ್ಬನದೆಂದು ಹೇಳಿತು. ಒಬ್ಬರಲ್ಲ, ಹಲವರು ಪರೀಕ್ಷಕರು ಅದನ್ನು ಸಮರ್ಥಿಸಿದರು. ಸ್ಪೇನಿನ ಪೊಲೀಸರು ಒಪ್ಪಲಿಲ್ಲ. ಅದು ಆಲ್ಜೀರಿಯದ ಬೇರೊಬ್ಬನದೆಂದು ಅವರು ಕಂಡುಹಿಡಿದರು. ಅಷ್ಟರಲ್ಲಿ ಆ ವಕೀಲನು ಎರಡು ವಾರ ಬಂಧನದಲ್ಲಿ ಕಳೆದಿದ್ದನು. ಗುರುತುಗಳಲ್ಲಿ ಅಪೂರ್ವವಾದ ಸಾಮ್ಯವಿದ್ದುದೇನೋ ನಿಜ. ಆದರೆ ೨೦೦೬ ರಲ್ಲಿ ಪ್ರಕಟವಾದ ವಿಚಾರಣಾ ವರದಿಯಿಂದ ಬೇರೊಂದು ದೋಷವೂ ತಿಳಿಯಬಂದಿತು: ವಕೀಲನ ಅಚ್ಚಿನಲ್ಲಿ ಕಂಡುದನ್ನು ಮನಸ್ಸಿನಲ್ಲಿಟ್ಟುಕೊಂಡು, ಮಸುಕಾದ ಗುರುತಿನಲ್ಲಿಯೂ ಅದನ್ನೇ ಓದಿದ್ದರು. ಇದು ನಮ್ಮ ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯವಲ್ಲದೆ ಮತ್ತೇನು? ಗುರುತಿನಿಂದ ಮನುಷ್ಯನನ್ನು ಸಾಧಿಸಬೇಕು. ಅವನಿಂದಲೇ ಗುರುತನ್ನು ಸಾಧಿಸಿದರೆ ಎರಡೂ ಅಸಿದ್ಧ.

ಆದುದರಿಂದ ಸ್ಥಳದ ಗುರುತನ್ನು ಮೊದಲು ಪ್ರತ್ಯೇಕವಾಗಿ ಓದಿ, ಕಂಡ ವಿಶೇಷಗಳನ್ನು ಬರೆದಿಟ್ಟು, ಆಮೇಲೆಯೇ ಆಪಾದಿತನ ಅಚ್ಚನ್ನು ಮುಂದಿಟ್ಟುಕೊಳ್ಳತಕ್ಕದ್ದು. ಜೀರ್ಣವಾದ ಓಲೆಯಲ್ಲಿ ಅಳಿಸಿಹೋದ ಅಕ್ಷರವನ್ನು ಮುದ್ರಿತ ಪುಸ್ತಕವನ್ನು ನೋಡಿ ಓದಿದವನು, ಆ ಓಲೆಯೇ ಮುದ್ರಿತ ಪಾಠಕ್ಕೆ ಸಾಕ್ಷಿಯೆಂದು ಹೇಳಲಾರನು. ನಮ್ಮ ಕೆಲಸದಲ್ಲಿ ಈ ತಪ್ಪಿನಿಂದ ಕೆಡುವುದು ಒಂದು ಪದ್ಯ. ಅಲ್ಲಿ ಕೆಡುವುದು ಒಂದು ಬಾಳು.